ಎಂಟನೇ ದಿನದ ಬೆಣಚುಕಲ್ಲು

"ಕಲ್ಲು ಕಳೆದ್ರೆ ಮತ್ತೆ ಮೊದಲನೇ ದಿನದಿಂದ ಶುರು ಮಾಡ್ಬೇಕಾಗತ್ತೆ, ನೋಡಿ," ಎಂದರು ಭಟ್ಟರು.

ಅಣ್ಣ ತಮ್ಮ ಇಬ್ಬರೂ ಒದ್ದೆ ಪಂಚೆಯಲ್ಲಿ ಹೊಳೆಯ ದಂಡೆಯ ಮೇಲೆ ನಿಂತಿದ್ದರು. ತೀರಿಹೋದ ಅಪ್ಪನನ್ನು ಆವಾಹಿಸಿದ್ದ, ನೆಲ್ಲಿಕಾಯಿ ಗಾತ್ರದ ಬಿಳಿಕಲ್ಲು ಅದು. ಹತ್ತು ದಿನವೂ ಅದಕ್ಕೇ ನೀರು ಬಿಡಬೇಕು. ಇವತ್ತು ಎಂಟನೆಯ ದಿನ.

"ಟವೆಲಲ್ಲಿ ಕಟ್ಟಿಟ್ಟಿದ್ದೆ. ಹಿಂಡೋವಾಗ ಬೀಳಿಸಿದೀಯ. ಅಪ್ಪನ್ನೇ ಕಳೆದುಬಿಟ್ಯಲ್ಲೋ!" ಅಣ್ಣ ಸಿಡುಕಿದ.

"ಟವೆಲ್ ಖಾಲಿ ಇತ್ತು ಅಣ್ಣಾ."

"ಕಾಲೇಜಲ್ಲಿ ಕಲ್ಲಿನ ಪಾಠ ಮಾಡ್ತೀಯಲ್ಲ, ಹುಡುಕು!"

ದಂಡೆಯ ತುಂಬ ನೀರು ಉಜ್ಜಿ ನುಣುಪು ಮಾಡಿದ ಬೆಣಚುಕಲ್ಲುಗಳೇ, ಸಾವಿರಾರು.

"ಎಲ್ಲಾ ಒಂದೇ ಜಾತಿ ಅಣ್ಣಾ. ಗಾಜನ್ನೂ ಗೀರತ್ತೆ, ನಿಂಬೆಹುಳಿ ಹಿಂಡಿದ್ರೆ ನೊರೆ ಬರಲ್ಲ. ಅಷ್ಟು ಹೇಳಬಲ್ಲೆ. ಯಾವ್ದು ಅಪ್ಪ ಅಂತ ಹೇಗೆ ಹೇಳ್ಲಿ?"

"ಇಪ್ಪತ್ತು ವರ್ಷ ಓದಿದ್ದು ಇಷ್ಟೇನಾ?"

ಒಂದು ಗಂಟೆ ಕಳೆದರೂ ಬೈಗುಳ ನಿಲ್ಲಲಿಲ್ಲ. ಕೊನೆಗೆ ರೋಸಿಹೋದ ತಮ್ಮ ಒಂದು ಕಲ್ಲನ್ನೆತ್ತಿ ಹಿಡಿದ.

"ಇದೇ. ಈ ಹಳದಿ ಗೆರೆ ನೋಡು, ಬಿರುಕಿನೊಳಗೆ ಕಬ್ಬಿಣದ ನೀರಿಳಿದು ತುಕ್ಕು ಹಿಡಿದಿರೋದು. ಮೊದಲನೇ ದಿನವೇ ಗಮನಿಸಿದ್ದೆ."

"ಹೌದು ಕಣೋ, ಇದೇ ಗೆರೆ! ನಾನೂ ನೋಡಿದ್ದೆ." ಅಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಅತ್ತೇಬಿಟ್ಟ.

ಭಟ್ಟರು ಮಂತ್ರ ಶುರು ಮಾಡಿದರು. ನೀರು ಬಿಡಲು ಅಣ್ಣ ಬಗ್ಗಿದಾಗ, ಅವನ ಸೊಂಟದ ಪಂಚೆಯ ಮಡಿಕೆಯಿಂದ ಬಿಳಿಕಲ್ಲೊಂದು ಜಾರಿ, ಹಳದಿ ಗೆರೆಯ ಕಲ್ಲಿನ ಪಕ್ಕದಲ್ಲೇ ಬಿತ್ತು. ಅದರ ಮೈಮೇಲೆ ಒಂದು ಗೆರೆಯೂ ಇರಲಿಲ್ಲ.