ಒಂದು ಸೆಂಟಿಮೀಟರ್

ಭಾಗ್ಯಶ್ರೀ ಕಂಪ್ಯೂಟರಿನ ಪರದೆಯನ್ನು ಇನ್ನೊಮ್ಮೆ ಬಗ್ಗಿ ನೋಡಿದಳು. ಬೆಳಿಗ್ಗೆ ಚನ್ನಬಸಮ್ಮನ ಗರ್ಭಕೋಶದ ಬಾಯಿಗೆ ಕೂರಿಸಿದ್ದ ಕೊಳವೆ ಒಂದು ಸೆಂಟಿಮೀಟರ್ ಕೆಳಕ್ಕೆ ಜಾರಿತ್ತು. ಒಂಬತ್ತು ಗಂಟೆಯ ಸ್ಕ್ಯಾನಿನಲ್ಲಿ ಗೆಡ್ಡೆಯ ನಟ್ಟನಡುವೆ ಇದ್ದದ್ದು, ವಾರ್ಡಿನಲ್ಲಿ ಮಲಗಿಸಿದ್ದು ಟ್ರಾಲಿಯಲ್ಲಿ ಮತ್ತೆ ಕರೆತಂದ ಮೇಲೆ, ಹನ್ನೊಂದರ ಸ್ಕ್ಯಾನಿನಲ್ಲಿ ಅಲ್ಲಿರಲಿಲ್ಲ.

ಒಂದು ಸೆಂಟಿಮೀಟರ್ ಅಂದರೆ ಎಷ್ಟು ಮಹಾ? ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ. ಆದರೆ ಆ ಕೊಳವೆಯೊಳಗೆ ವಿಕಿರಣ ಸೂಸುವ ಸಣ್ಣ ಕಾಳೊಂದು ಹೋಗಿ ಕ್ಯಾನ್ಸರನ್ನು ಸುಡಬೇಕಿತ್ತು. ಈಗ ಆ ಕಾಳನ್ನು ಒಳಗೆ ಬಿಟ್ಟರೆ ಗೆಡ್ಡೆಯ ತಲೆ ಹಾಗೇ ಉಳಿದು, ಏನೂ ತಪ್ಪು ಮಾಡದ ಕರುಳು ಬೇಯುತ್ತದೆ. ಎಲ್ಲಿಗೆ ಎಷ್ಟು ವಿಕಿರಣ ಎಂದು ಲೆಕ್ಕ ಹಾಕಿ ಸಹಿ ಮಾಡುವುದೇ ಭಾಗ್ಯಶ್ರೀಯ ಕೆಲಸ. ಅವಳು ಪೆನ್ನು ಕೆಳಗಿಟ್ಟು ದೊಡ್ಡ ಡಾಕ್ಟರಿಗೆ ಫೋನ್ ಮಾಡಿದಳು.

ಡಾ. ಗೋಪಾಲಪ್ಪ ಬಂದವರೇ ಪರದೆ ನೋಡಿ ಕೆಂಡವಾದರು. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ. "ನಾನೇ ಕೂರಿಸಿದ್ದು ಕಣಮ್ಮ, ತಾನಾಗೇ ಜಾರೋಕೆ ಸಾಧ್ಯಾನೇ ಇಲ್ಲ. ಟ್ರಾಲಿ ಎಲ್ಲೋ ಕುಕ್ಕಿದ್ದಾರೆ. ಏನ್ ಅಂಜಿನಮ್ಮ, ನೋಡ್ಕೊಂಡು ತಳ್ಳೋಕೆ ಏನು ದಾಡಿ ನಿಮಗೆ?"

"ಇಲ್ಲ ಸಾರ್, ಮೆಲ್ಲಗೇ ತಂದೆ," ಎಂದ ನರ್ಸ್ ಅಂಜಿನಮ್ಮನ ಕಣ್ಣು ತುಂಬಿತು. ಟ್ರಾಲಿಯದೇ ತಪ್ಪು ಎಂದು ಭಾಗ್ಯಶ್ರೀಗೆ ನಂಬಿಕೆಯಾಗಲಿಲ್ಲ. ಹೋದ ವಾರ ಚನ್ನಬಸಮ್ಮನ ಮೊದಲ ಸರದಿಯಲ್ಲೂ ಇದೇ ಟ್ರಾಲಿ, ಇದೇ ಅಂಜಿನಮ್ಮ. ಆಗ ಎರಡೂ ಚಿತ್ರಗಳು ಕೂದಲೆಳೆಯಷ್ಟೂ ಬೇರೆಯಾಗಿರಲಿಲ್ಲ. ಅವಳು ಎದ್ದು ಪಕ್ಕದ ಕೋಣೆಗೆ ಹೋದಳು.

ಚನ್ನಬಸಮ್ಮ ಅಂಗಾತ ಮಲಗಿದ್ದಳು. ಕೊಪ್ಪಳದ ಕಡೆಯವಳು, ಚಂದಾಪುರದ ಬಾಡಿಗೆ ರೂಮಿನಲ್ಲಿದ್ದುಕೊಂಡು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವಳು.

"ಅಮ್ಮಾ, ಸ್ವಲ್ಪ ಏನಾದ್ರೂ ಅಲುಗಾಡಿದ್ರಾ?"

"ಇಲ್ರೀ ಅಕ್ಕಾರ."

"ಕೆಮ್ಮು ಗಿಮ್ಮು ಬಂದಿತ್ತಾ?"

"ಇಲ್ರೀ," ಎಂದು ಮುಖವನ್ನು ಗೋಡೆಯತ್ತ ತಿರುಗಿಸಿದಳು.

ತೆರೆದ ಬಾಗಿಲಿನಿಂದ ಗೋಪಾಲಪ್ಪನವರ ಗದರಿಕೆ, ಅಂಜಿನಮ್ಮನ ಬಿಕ್ಕು ಎರಡೂ ಕೇಳುತ್ತಿದ್ದವು.  ಚನ್ನಬಸಮ್ಮ ತಡೆಯಲಾಗದೆ ಭಾಗ್ಯಶ್ರೀಯ ಕೈ ಹಿಡಿದುಕೊಂಡಳು.

"ಆ ತಾಯಿನ್ನ ಬೈಬ್ಯಾಡ್ರಿ ಅಂತ ಹೇಳ್ರೀ. ತಪ್ಪು ನಂದ ಐತ್ರಿ. ನಾನ ಎದ್ದು ಕುಂತಿದ್ದೆ."

"ಅಯ್ಯೋ ದೇವ್ರೇ! ಏಳಬೇಡಿ ಅಂತ ಅಷ್ಟು ಬಡ್ಕೊಂಡಿದ್ನಲ್ಲ!"

"ದೊಡ್ಡ ಸಾಹೇಬ್ರು ವಾರ್ಡಿಗೆ ಬಂದ್ರಲ್ರೀ. ಜೀವಾ ಉಳಸೋರ ಮುಂದ ಕಾಲು ಚಾಚಿ ಹೆಂಗ ಮಲಗ್ಲಿ? ಒಂದ್ ಗಳಿಗಿ ಎದ್ದು ಕೈ ಮುಗಿದ್ನಿ, ಅಷ್ಟರಿ."

ಭಾಗ್ಯಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋದ ವಾರ ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ. ಇದ್ದ ವ್ಯತ್ಯಾಸ ಅದೊಂದೇ.

ತಿರುಗಿ ನೋಡಿದರೆ ಗೋಪಾಲಪ್ಪ ಬಾಗಿಲಲ್ಲೇ ನಿಂತಿದ್ದರು. ಎಲ್ಲವೂ ಕೇಳಿಸಿತ್ತು. ಬೆಳಿಗ್ಗೆ ಯಾರೋ ಕೈ ಮುಗಿದದ್ದು, ತಾವು ಮೊಬೈಲ್ ನೋಡುತ್ತಲೇ ತಲೆಯಾಡಿಸಿ ಮುಂದೆ ಹೋದದ್ದು ಅವರಿಗೆ ಈಗ ನೆನಪಾಗಿರಬೇಕು. ಅವರು ನರ್ಸಿನತ್ತ ತಿರುಗಿದರು. "ತಪ್ಪಾಯ್ತು ಅಂಜಿನಮ್ಮ," ಎಂದರು. ಕೊಳವೆಯನ್ನು ಅವರೇ ಮತ್ತೆ ಕೂರಿಸಿದರು. ಮತ್ತೊಂದು ಸ್ಕ್ಯಾನ್ ಆಯಿತು. ಭಾಗ್ಯಶ್ರೀ ಎರಡೆರಡು ಸಲ ಅಳೆದು ನೋಡಿ ಸಹಿ ಹಾಕಿದಳು.

ಮುಂದಿನ ವಾರ ಮೂರನೆಯ ಸರದಿ. ಕೊಳವೆ ಕೂರಿಸಿ, ಮೊದಲ ಸ್ಕ್ಯಾನ್ ಮುಗಿಸಿ ಚನ್ನಬಸಮ್ಮನನ್ನು ವಾರ್ಡಿನಲ್ಲಿ ಮಲಗಿಸಿದ್ದರು. ಯಾವುದಕ್ಕೂ ಇರಲಿ ಎಂದು ಭಾಗ್ಯಶ್ರೀ ಪಕ್ಕದಲ್ಲೇ ಕೂತಿದ್ದಳು. ರೌಂಡ್ಸಿನ ಹೊತ್ತಿಗೆ ಬಾಗಿಲ ಪರದೆಯ ಕೆಳಗೆ ಎರಡು ಕರಿ ಬೂಟುಗಳು ಬಂದು ನಿಂತವು. ಒಳಗೆ ಬರಲಿಲ್ಲ.

"ಚನ್ನಬಸಮ್ಮ," ಪರದೆಯಾಚೆಯಿಂದ ದೊಡ್ಡ ಡಾಕ್ಟರ ದನಿ ಬಂತು, "ನಾನಿನ್ನೂ ಬಂದಿಲ್ಲಮ್ಮ. ನೀವು ಮಲ್ಕೊಂಡೇ ಇರಿ."

ಚನ್ನಬಸಮ್ಮ ಮಿಸುಕಾಡಲಿಲ್ಲ. ಒಂದು ಕೈ ಮಾತ್ರ ಮೆಲ್ಲಗೆ ಮೇಲೆ ಬಂದು, ಆಸ್ಪತ್ರೆಯ ಹೊದಿಕೆಯ ಅಂಚನ್ನು ಸೆರಗಿನ ಹಾಗೆ ತಲೆಯ ಮೇಲಕ್ಕೆ ಎಳೆದುಕೊಂಡಿತು.