ಸುಮ್ಮನಿರದ ಕಾಲು

"ಇನ್ನೊಂದು ಗಂಟೆ ಕಾಲು ಅಲ್ಲಾಡಿಸೋ ಹಾಗಿಲ್ಲ, ಸಿಸ್ಟರ್. ಹತ್ತು ನಿಮಿಷಕ್ಕೊಮ್ಮೆ ಕೇಳ್ತೀನಿ. ಚಡಪಡಿಕೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಹೇಳಿ, ಸಾಕು," ಎಂದು ಸಂಶೋಧನಾ ಕೇಂದ್ರದ ಟೆಕ್ನಿಶಿಯನ್ ಹುಡುಗಿ ನರ್ಸಮ್ಮನ ಮೊಣಕಾಲ ಕೆಳಗೆ ತಂತಿ ಅಂಟಿಸಿದಳು.

ಮೂಲೆಯ ಕುರ್ಚಿಯಲ್ಲಿ ಅವಳ ಗಂಡ, ಬಸ್ ಡ್ರೈವರ್, ಕೈಕಟ್ಟಿ ಕೂತಿದ್ದ. ಸಂಜೆಯಾದರೆ ಕಾಲೊಳಗೆ ಇರುವೆ ಹರಿದಂತಾಗುತ್ತದೆ, ನಡೆದಾಡಿದರೆ ಮಾತ್ರ ಸಮಾಧಾನ ಎಂದು ಅವಳು ಅಂದಾಗಲೆಲ್ಲ ಅವನದು ಒಂದೇ ರಾಗ: "ಎಲ್ಲಾ ನಿನ್ನ ಭ್ರಮೆ." ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಅವಳು ಇನ್ನೆಂದೂ ಆ ಮಾತೆತ್ತಬಾರದು ಎಂದು ಮನೆಯಲ್ಲೇ ಒಪ್ಪಂದವಾಗಿತ್ತು.

"ಎಷ್ಟು, ಸಿಸ್ಟರ್?"

"ಸೊನ್ನೆ."

ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಯಾರು ಕೇಳಿದರೂ 'ನಂಗೇನಾಗಿದೆ' ಎಂದೇ ಹೇಳಿ ಪಳಗಿದ ಬಾಯಿ ಅದು. ಇಪ್ಪತ್ತನೇ ನಿಮಿಷಕ್ಕೆ ಹಲ್ಲುಕಚ್ಚಿ "ಒಂದು" ಎಂದಳು. ಗಂಡ ಮೀಸೆಯಡಿಯಲ್ಲೇ ನಕ್ಕ.

ಮೂವತ್ತಕ್ಕೆ ಹುಡುಗಿ ಪೆನ್ನು ಕೆಳಗಿಟ್ಟು, ತಂತಿಯಿಂದ ಪರದೆ ಮೇಲೆ ಮೂಡುತ್ತಿದ್ದ ಗ್ರಾಫ್ ತೋರಿಸಿದಳು. "ನೀವು ಅದುಮಿ ಹಿಡ್ಕೊಂಡ್ರೂ ಸ್ನಾಯು ಜಗ್ಗುತ್ತಾನೇ ಇದೆ. ನಿಮ್ಮ ಪೇಶೆಂಟ್ ಹೀಗೆ ಮುಚ್ಚಿಟ್ರೆ ಏನ್ಮಾಡ್ತೀರಿ?"

"ಗ್ರಹಚಾರ ಬಿಡಿಸ್ತೀನಿ," ಎಂದ ನರ್ಸಮ್ಮನಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. "ಮೊದಲು ಹೇಳಿದ್ದನ್ನ ಹೊಡೆದುಹಾಕಿ ಬರ್ಕೊಳಮ್ಮ. ನಾಲ್ಕು, ಆರು, ಈಗ ಎಂಟು." ಕೊನೆಯ ಸಲ ಅವಳು "ಹತ್ತು" ಎಂದದ್ದು ಪಕ್ಕದ ಕೋಣೆಗೂ ಕೇಳಿಸಿತು.

ಡಾಕ್ಟರು ಬಂದು ಗ್ರಾಫ್ ನೋಡಿದರು. "ಭ್ರಮೆ ಅಲ್ಲ, ಕಾಯಿಲೆ. ಮೆದುಳಿಗೆ ಕಬ್ಬಿಣದ ಅಂಶ ಸಾಲದೆ ಹೀಗಾಗುತ್ತಾ ಅಂತಾನೇ ನಾವು ಹುಡುಕ್ತಿರೋದು. ಚಿಕಿತ್ಸೆ ಇದೆ, ಹೆದರಬೇಡಿ." ಆಮೇಲೆ ಗಂಡನ ಕಡೆ ತಿರುಗಿದರು. "ಹೋಲಿಸಿ ನೋಡೋಕೆ ಈ ತೊಂದರೆ ಇಲ್ಲದವರೂ ಬೇಕು. ನೀವು ಕೂರ್ತೀರಾ?"

"ದಿನಾ ಎಂಟು ಗಂಟೆ ಸ್ಟೀರಿಂಗ್ ಹಿಡಿದು ಕೂರೋನು ನಾನು. ಒಂದು ಗಂಟೆ ಯಾವ ಲೆಕ್ಕ!" ಎಂದು ಅವನು ಮಂಚ ಹತ್ತಿದ. ಆರು ಸಲ ಕೇಳಿದರು, ಆರು ಸಲವೂ ಸೊನ್ನೆ ಎಂದ. ಅಷ್ಟು ಹೊತ್ತೂ ನರ್ಸಮ್ಮ ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದಳು.

ಹುಡುಗಿ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿದಳು. ಒಂದರಲ್ಲಿ ಉದ್ದಕ್ಕೂ ಗರಗಸದ ಹಲ್ಲು. ಇನ್ನೊಂದರಲ್ಲಿ ಸ್ಕೇಲಿಟ್ಟು ಎಳೆದಂಥ ಗೆರೆ. ಗಂಡ ಬಗ್ಗಿ ಆ ಗರಗಸದ ಹಲ್ಲನ್ನೇ ನೋಡಿದ. ನರ್ಸಮ್ಮ ಮಾತ್ರ ತನ್ನ ಹಾಳೆಯನ್ನು ಕಣ್ಣೆತ್ತಿಯೂ ನೋಡದೆ, ಅವನ ಗೆರೆಯ ಮೇಲೆ ಬೆರಳಾಡಿಸಿದಳು.

"ಎಲ್ಲರ ಕಾಲೂ ಇಷ್ಟು ಸುಮ್ಮನಿರುತ್ತಾ? ಹಾಗಾದ್ರೆ ನಂಗೂ ಇದೇ ಬೇಕು, ಡಾಕ್ಟ್ರೇ."