ಅರದ ಸದ್ದು

ಕಬ್ಬಿಣ ಉಜ್ಜುವ ಅರ ಮುಂದಕ್ಕೆ ಹೋಗುವಾಗ ಸದ್ದು ಮಾಡಬೇಕು, ಸರಿ. ಹಿಂದಕ್ಕೆ ಬರುವಾಗಲೂ ಸದ್ದು ಮಾಡಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ತೆಗಾಲ್ ಊರಿನ ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಫಿಟ್ಟರ್ ಕೆಲಸ ಕಲಿಸುತ್ತಿದ್ದ ವುರ್ಯಾನಿಗೆ ಆ ಸದ್ದು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಆ ಬೆಳಿಗ್ಗೆ ಕಬ್ಬಿಣವನ್ನು ಕಚ್ಚಿಹಿಡಿಯುವ ವೈಸುಗಳಲ್ಲಿ ಮೂರನೆಯದರ ಕಡೆಯಿಂದ ಅದು ಕೇಳಿದಾಗ ಬೈಯಲೆಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಉದ್ದಕ್ಕೆ ಸರ್ರ್ ಎಂದು ಮುಂದೆ, ಗಿಡ್ಡಕ್ಕೆ ಕಿರ್ ಎಂದು ಹಿಂದೆ, ಆಮೇಲೆ ಒಂದು ಉಸಿರಿನಷ್ಟು ಬಿಡುವು. ಅದು ಅವಳ ಅಪ್ಪನ ಕೈ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು.

ವೈಸಿನ ಮುಂದೆ ನಿಂತಿದ್ದವನು ತರ್ಮಿದಿ. ನಲವತ್ತೇಳರ ಆಳು, ಮೀಸೆ ಅರ್ಧ ನರೆತಿತ್ತು. ಊರೂರಿನ ವರ್ಕ್‌ಶಾಪುಗಳಲ್ಲಿ ದುಡಿದು ಸುಸ್ತಾದ ಮೇಲೆ ಹಡಗು ರಿಪೇರಿಯವರೊಬ್ಬರು, ಸರ್ಟಿಫಿಕೇಟ್ ತಂದರೆ ಖಾಯಂ ಮಾಡುತ್ತೇವೆ ಅಂದಿದ್ದರು. ಅದಕ್ಕಾಗಿ ಆ ದಿನವೇ ಬಂದಿದ್ದ. ಇವತ್ತು ಅಭ್ಯಾಸ, ನಾಳೆ ಪರೀಕ್ಷೆ. ಪರೀಕ್ಷಕರು ಉಜ್ಜಿದ ತುಂಡನ್ನಷ್ಟೇ ನೋಡುವವರಲ್ಲ, ಕೈಯನ್ನೂ ನೋಡುವವರು. ಅರವನ್ನು ಹಿಂದಕ್ಕೆ ಎಳೆದರೆ ಹಲ್ಲು ಮೊಂಡಾಗುತ್ತದೆ. ಎಳೆಯುವವನನ್ನು ಅಲ್ಲಿಗೇ ಫೇಲು ಮಾಡಿ ಕಳಿಸುತ್ತಾರೆ.

ಇದೆಲ್ಲ ಗೊತ್ತಿದ್ದೂ ವುರ್ಯಾನಿ ತುಂಡಿನ ಒಂದು ಅಂಚು ಪೂರ್ತಿ ಮುಗಿಯುವ ತನಕ ಸುಮ್ಮನೆ ಕೇಳುತ್ತ ನಿಂತಳು. ಅಪ್ಪನ ಫೋಟೊ ನಾಲ್ಕಿದ್ದವು, ಕನ್ನಡಕ ಇತ್ತು, ಎರಡು ಅಂಗಿಗಳೂ ಇದ್ದವು. ಸದ್ದನ್ನು ಮಾತ್ರ ಯಾರೂ ಎತ್ತಿಟ್ಟಿರಲಿಲ್ಲ. ಚಿಕ್ಕವಳಿದ್ದಾಗ ನಸುಕಿನಲ್ಲಿ ಎಚ್ಚರವಾದರೆ, ಪಕ್ಕದ ಕೊಟ್ಟಿಗೆಯಲ್ಲಿ ಅದು ಕೇಳುತ್ತಿದ್ದರೆ, ಅಪ್ಪ ಇದ್ದಾರೆಂದು ಮತ್ತೆ ಮಗ್ಗುಲು ಬದಲಿಸಿ ಮಲಗುತ್ತಿದ್ದಳು. ಅದು ತನಗೆ ಇಷ್ಟೊಂದು ಬೇಕಾಗಿತ್ತೆಂದು ಅವಳಿಗೇ ಈವರೆಗೆ ತಿಳಿದಿರಲಿಲ್ಲ.

“ಹೀಗೆ ಹಿಂದಕ್ಕೂ ಉಜ್ಜೋದನ್ನ ನಿಮಗೆ ಯಾರು ಹೇಳ್ಕೊಟ್ಟಿದ್ದು?”

“ಕಸ್ಮುರಿ ಯಜಮಾನ್ರು, ಮೇಡಂ. ಮಾರ್ಕೆಟ್ ಹಿಂದಿನ ಗಲ್ಲೀಲಿದ್ರಲ್ಲ. ನಾಲ್ಕು ವರ್ಷ ಅವರ ಹತ್ರ ಇದ್ದೆ. ಹೇಳ್ಕೊಡೋದೆಲ್ಲಿ ಬಂತು, ಆ ಮನುಷ್ಯ ಬಾಯೇ ಬಿಡ್ತಿರಲಿಲ್ಲ. ನೋಡಿ ನೋಡೇ ಕಲಿತಿದ್ದು. ಅವರು ಕೂಡಿಸಿದ ಎರಡು ತುಂಡಿನ ಮಧ್ಯೆ ಬೆಳಕು ನುಸುಳ್ತಿರಲಿಲ್ಲ ನೋಡಿ. ಎಲ್ಲಾ ಈ ಹಿಂದೆಳೆಯೋದರ ಗುಟ್ಟು!”

“ಗುಟ್ಟೂ ಇಲ್ಲ, ಮಣ್ಣಂಗಟ್ಟೀನೂ ಇಲ್ಲ. ಸಕ್ಕರೆ ಮಿಲ್ಲಿನ ರೋಲರ್ ಬಲಭುಜದ ಮೇಲೆ ಬಿದ್ದಿತ್ತು ಅಪ್ಪಂಗೆ. ಕೈ ಏಳ್ತಿರಲಿಲ್ಲ. ಎತ್ತೋಕಾಗದೆ ಎಳೀತಿದ್ರು. ತಿಂಗಳಿಗೊಂದು ಅರ ಮೊಂಡು ಮಾಡೋರು. ‘ನೀವೇನು ಅದನ್ನ ತಿಂತೀರಾ’ ಅಂತ ಅಮ್ಮ ಬೈಯೋಳು.”

ತರ್ಮಿದಿ ಅರವನ್ನು ಕೆಳಗಿಟ್ಟು ಅವಳ ಮುಖವನ್ನೇ ನೋಡಿದ. “ಅಪ್ಪ ಅಂದ್ರಾ? ಹಂಗಾದ್ರೆ ಕಬ್ಬಿಣದ ಪುಡಿ ಕಾಲಿಗೆ ಚುಚ್ತು ಅಂತ ಬೀದಿಗೆಲ್ಲ ಕೇಳೋ ಹಾಗೆ ಅಳ್ತಿದ್ದ ಎರಡು ಜಡೆ ಹುಡುಗಿ ನೀವೇನಾ?”

“ಅವಳೇ. ಈಗ ಬೇರೆಯವರನ್ನ ಅಳಿಸ್ತೀನಿ.”

ಅವನು ನಕ್ಕ, ಆಮೇಲೆ ತನ್ನ ಬಲಭುಜವನ್ನು ಮುಟ್ಟಿ ನೋಡಿಕೊಂಡ. “ನನ್ನ ಭುಜ ಗಟ್ಟಿಮುಟ್ಟಾಗೇ ಇದೆಯಲ್ಲಮ್ಮಾ! ಇಪ್ಪತ್ತೈದು ವರ್ಷ ಯಜಮಾನ್ರ ನೋವನ್ನ ನಾನು ಸುಮ್ನೆ ಹೊತ್ಕೊಂಡು ತಿರುಗಿದ್ನಾ?”

ಆ ಹೊರೆಯನ್ನು ಇಳಿಸಲು ಇಡೀ ದಿನ ಹಿಡಿಯಿತು. ವುರ್ಯಾನಿ ಮರದ ಪಟ್ಟಿಯೊಂದನ್ನು ಹಿಡಿದು ಪಕ್ಕದಲ್ಲೇ ನಿಂತು, ಕಿರ್ ಎಂದಾಗಲೆಲ್ಲ ಅವನ ಮೊಣಕೈಗೆ ತಟ್ಟಿದಳು. “ಹೋಗೋವಾಗ ಒತ್ತಿ, ಬರೋವಾಗ ಎತ್ತಿ. ಒತ್ತಿ, ಎತ್ತಿ.” ಕುಡಿಕೆಯಲ್ಲಿ ತರಿಸಿದ್ದ ಚಹಾ ಕಲ್ಲುಸಕ್ಕರೆ ಕರಗುವ ಮೊದಲೇ ತಣ್ಣಗಾಯಿತು. ಮಧ್ಯಾಹ್ನ ಕಳೆಯುತ್ತ ಆ ಕಿರ್ ಸದ್ದು ಹತ್ತು ಸಲ ಉಜ್ಜಿದರೆ ಮೂರಾಯಿತು, ಆಮೇಲೆ ಒಂದಾಯಿತು. ಅಪ್ಪನನ್ನು ಕೈಯಾರೆ ಎರಡನೆಯ ಸಲ ಮಣ್ಣು ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸಿತು. ಇನ್ನೊಂದೇ ಒಂದು ಸಲ ಎಳೆಯಲಿ ಎಂದು ಮನಸ್ಸು ಹೇಳುತ್ತಿರುವಾಗಲೇ ಕೈ ಮತ್ತೆ ಪಟ್ಟಿಯಿಂದ ತಟ್ಟುತ್ತಿತ್ತು.

ಮಾರನೆಯ ದಿನ ಪರೀಕ್ಷೆಯ ಹೊತ್ತಿಗೆ ಕಲಿಸಿದವರು ಒಳಗಿರುವಂತಿರಲಿಲ್ಲ. ವುರ್ಯಾನಿ ವರಾಂಡದಲ್ಲಿ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತು ಕಿವಿಗೊಟ್ಟಳು. ಸರ್ರ್. ಮೌನ. ಸರ್ರ್. ಮೌನ. ಅಪ್ಪನ ಸದ್ದು ಕೇಳಿಸದಿರಲಿ ದೇವರೇ ಎಂದು ಬೇಡಿಕೊಂಡಳು. ಒಂದು ಗಂಟೆ ಹೊತ್ತು ಅದು ಕೇಳಿಸಲೇ ಇಲ್ಲ. ದೇವರು ಇಷ್ಟು ಚೊಕ್ಕವಾಗಿ ಮಾತು ಕೇಳಿದ್ದಕ್ಕೆ ಅವಳಿಗೆ ಅಳು ಬಂತು.

ಪರೀಕ್ಷಕರು ಹೊರಟುಹೋದ ಮೇಲೆ ತರ್ಮಿದಿ ಹೊರಗೆ ಬಂದ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು, ಮುಖ ಅರಳಿತ್ತು. “ಪಾಸಮ್ಮಾ! ‘ಕೈ ಇಟ್ಟಿರೋ ರೀತಿ ಚೆನ್ನಾಗಿದೆ, ಯಾರ ಹತ್ರ ಕಲಿತೆ’ ಅಂದ್ರು. ನಿಮ್ಮ ಹೆಸರು ಹೇಳಿದೆ.”

“ಒಳ್ಳೇದಾಯ್ತು.” ವುರ್ಯಾನಿ ಎದ್ದು ಸೆರಗಿನಂತೆ ಇಳಿಬಿಟ್ಟ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. “ಮನೆಗೆ ಓಡೋ ಅವಸರ ಇದೆಯಾ?”

“ಇಲ್ಲ, ಹೇಳಿ.”

ಅವಳು ಅವನನ್ನು ಖಾಲಿಯಾದ ವರ್ಕ್‌ಶಾಪಿನೊಳಗೆ ಕರೆದುಕೊಂಡು ಹೋದಳು. ಬೇಡದ ಕಬ್ಬಿಣದ ತುಂಡೊಂದನ್ನು ವೈಸಿಗೆ ಕಚ್ಚಿಸಿದಳು. ಬೀರು ತೆರೆದು ಹೊಸ ಅರವೊಂದನ್ನು ತೆಗೆದು, ಅದಕ್ಕೆ ಸುತ್ತಿದ್ದ ಎಣ್ಣೆಕಾಗದ ಹರಿದು ಅವನ ಕೈಗಿಟ್ಟಳು.

“ಯಜಮಾನ್ರ ಥರ ಎಳೀರಿ.”

“ಅಯ್ಯೋ, ಹೊಚ್ಚಹೊಸದು ಕಣಮ್ಮಾ ಇದು. ಹಲ್ಲೆಲ್ಲ ಹಾಳಾಗುತ್ತೆ.”

“ಹಾಳಾಗ್ಲಿ,” ಎಂದು ವುರ್ಯಾನಿ ಅವನಿಗೆ ಬೆನ್ನು ತಿರುಗಿಸಿ ನಿಂತಳು.